ಮೊಳಕೆ ನೋಡಿ ಬೆಳೆ ಹೇಳುವವರು

ಬೆಳೆಯುವ ಸಿರಿ ಮೊಳಕೆಯಲ್ಲೇ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ. ಹುಡುಗನೊಬ್ಬ ಮುಂದೆ ದೊಡ್ಡ ಹೆಸರು ಮಾಡಿದರೆ ಈ ಗಾದೆಯನ್ನು ನೆನೆದು ತಲೆದೂಗುತ್ತೇವೆ. ಮಾಡದಿದ್ದರೆ ಗಾದೆಯನ್ನು ಯಾರೂ ದೂರುವುದಿಲ್ಲ. ಮೊಳಕೆಯಲ್ಲಿ ಚೆನ್ನಾಗಿದ್ದು ಬೆಳೆಯಲ್ಲಿ ಜೊಳ್ಳಾದವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಈ ಗಾದೆಯನ್ನೇ ಕಸುಬು ಮಾಡಿಕೊಂಡ ಜನ ಅಮೆರಿಕದಲ್ಲಿದ್ದಾರೆ. ಹದಿನಾರು, ಹದಿನೇಳು ವಯಸ್ಸಿನ ಹುಡುಗರನ್ನು ಅಳೆದು, ತೂಗಿ, ಓಡಿಸಿ, ‘ಇವನು ಇನ್ನು ಮೂರು ವರ್ಷಕ್ಕೆ ಇಂಥ ಆಟಗಾರನಾಗುತ್ತಾನೆ’ ಎಂದು ಹೇಳುವುದು ಅವರ ಕೆಲಸ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುವ ಹುಡುಗರ ಪೈಕಿ ಕಾಲೇಜು ತಂಡಕ್ಕೆ ಯಾರು ತಕ್ಕವರು ಎಂಬುದನ್ನು ಇವರು ತೀರ್ಮಾನಿಸುತ್ತಾರೆ. ಅವರ ಮಾತಿನ ಮೇಲೆ ಕೋಟ್ಯಂತರ ಡಾಲರ್ ಹರಿಯುತ್ತದೆ, ಒಬ್ಬೊಬ್ಬ ಹುಡುಗನ ಓದೂ ನಿಂತಿರುತ್ತದೆ. ಈ ಕಸುಬು ಹೇಗೆ ಬೆಳೆಯಿತು, ಇವರು ನೋಡುವುದೇನು, ಅವರ ಮಾತು ಎಷ್ಟರಮಟ್ಟಿಗೆ ನಿಜವಾಗುತ್ತದೆ ಎಂಬುದು ಆಟದ ಗಂಧವಿಲ್ಲದವರಿಗೂ ತಿಳಿಯಬೇಕಾದ ಕತೆ. ಏಕೆಂದರೆ ಎಳೆಯರನ್ನು ನೋಡಿ ಅವರ ಭವಿಷ್ಯ ಹೇಳುವ ಚಾಳಿ ಎಲ್ಲ ಸಮಾಜಗಳಲ್ಲೂ ಇದೆ.

ಕಾಲಿನ ಆಟವಲ್ಲ, ಕೈಯ ಆಟ

ಮೊದಲಿಗೆ ಒಂದು ಸ್ಪಷ್ಟನೆ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಲ್ಲಿ ಒದ್ದು ಆಡುವ ಆಟವನ್ನಲ್ಲ. ಅದಕ್ಕೆ ಅಲ್ಲಿ ಸಾಕರ್ ಎಂದು ಹೆಸರು. ಅವರ ಫುಟ್‌ಬಾಲಿನಲ್ಲಿ ಚೆಂಡು ಮೊಟ್ಟೆಯಾಕಾರದ್ದು, ಬಹುಪಾಲು ಕೈಯಲ್ಲೇ ಇರುತ್ತದೆ. ಒಂದೊಂದು ಕಡೆ 11 ಮಂದಿ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ. ಚೆಂಡನ್ನು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನ ಮೈಮೇಲೆ ಎದುರಾಳಿ ಬೀಳದಂತೆ ಗೋಡೆ ಕಟ್ಟಿ ನಿಲ್ಲುವವರು 130, 140 ಕಿಲೋ ತೂಗುವ ಲೈನ್‌ಮನ್‌ಗಳು. ದೂರ ಓಡಿ ಚೆಂಡು ಹಿಡಿಯುವವರು ಚಿರತೆಯಂಥ ರಿಸೀವರ್‌ಗಳು. ಒಂದೊಂದು ಸ್ಥಾನಕ್ಕೆ ಒಂದೊಂದು ಬಗೆಯ ಮೈಕಟ್ಟು, ಒಂದೊಂದು ಬಗೆಯ ಬುದ್ಧಿ ಬೇಕು. ಆದ್ದರಿಂದಲೇ ‘ಒಳ್ಳೆಯ ಆಟಗಾರ’ ಎಂದಷ್ಟೇ ಹೇಳಿದರೆ ಅಲ್ಲಿ ಸಾಲದು. ಯಾವ ಸ್ಥಾನಕ್ಕೆ ಎಂದೂ ಹೇಳಬೇಕು.

ಅಲ್ಲಿನ ಹೈಸ್ಕೂಲು ಎಂದರೆ 9ರಿಂದ 12ನೇ ತರಗತಿಯವರೆಗೆ, ನಮ್ಮ ಪಿಯುಸಿಯೂ ಸೇರಿದ ಹಾಗೆ. ಶುಕ್ರವಾರ ಸಂಜೆ ಊರ ಶಾಲೆಯ ಪಂದ್ಯ ಎಂದರೆ ಅನೇಕ ಊರುಗಳಲ್ಲಿ ಅದೊಂದು ಜಾತ್ರೆ. ಡಲ್ಲಾಸ್, ಹ್ಯೂಸ್ಟನ್ ಕಡೆ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೂ ಈ ಸಡಗರ ಪರಿಚಿತವೇ. ದೇಶದಲ್ಲಿ ಸುಮಾರು ಹತ್ತು ಲಕ್ಷ ಹುಡುಗರು ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುತ್ತಾರೆ. ಇವರಲ್ಲಿ ಯಾವುದಾದರೂ ಮಟ್ಟದ ಕಾಲೇಜು ತಂಡ ಸೇರುವವರು ನೂರಕ್ಕೆ ಸುಮಾರು ಏಳು ಮಂದಿ. ಮೊದಲನೇ ದರ್ಜೆಯ ಕಾಲೇಜುಗಳಿಗೆ ಹೋಗುವವರು ನೂರಕ್ಕೆ ಮೂರು ಮಂದಿಯೂ ಇಲ್ಲ. ಕಾಲೇಜು ಮುಗಿಸಿ ವೃತ್ತಿಪರ ಕೂಟವಾದ ಎನ್‌ಎಫ್‌ಎಲ್‌ನ ವಾರ್ಷಿಕ ಆಯ್ಕೆಯಲ್ಲಿ ಹೆಸರು ಕರೆಸಿಕೊಳ್ಳುವವರು ವರ್ಷಕ್ಕೆ ಸುಮಾರು 250 ಮಂದಿ ಮಾತ್ರ. ಹೈಸ್ಕೂಲು ಬಿಟ್ಟು ಮೂರು ವರ್ಷವಾಗದೆ ಎನ್‌ಎಫ್‌ಎಲ್ ಸೇರುವಂತಿಲ್ಲ. ಹೀಗಾಗಿ ಕಾಲೇಜು ಎಂಬುದೇ ಏಕೈಕ ಹೆಬ್ಬಾಗಿಲು. ಬಾಗಿಲಲ್ಲಿ ನಿಂತಿರುವವನು ಕಾಲೇಜಿನ ಕೋಚ್.

ಓದಿನ ಮನೆಗೆ ಆಟ ಬಂದ ಬಗೆ

ಕಾಲೇಜಿಗೂ ಆಟಕ್ಕೂ ಇಂಥ ನಂಟು ಹೇಗೆ ಬೆಳೆಯಿತು? 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಕಾಲೇಜು ಫುಟ್‌ಬಾಲಿನ ಮೊದಲ ಪಂದ್ಯ ಎನ್ನುತ್ತಾರೆ. ಅದು ವಿದ್ಯಾರ್ಥಿಗಳೇ ಏರ್ಪಡಿಸಿಕೊಂಡ ಆಟ. 1880ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಅದಕ್ಕೆ ಇಂದಿನ ರೂಪ ಕೊಟ್ಟರು. ಆಟ ಒರಟಾಗಿತ್ತು, ಹುಡುಗರು ಸಾಯುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಬೇಕಾಯಿತು. ಮರುವರ್ಷ ಒಂದು ನಿಯಂತ್ರಣ ಸಂಸ್ಥೆ ಹುಟ್ಟಿತು. 1910ರಲ್ಲಿ ಅದಕ್ಕೆ ಎನ್‌ಸಿಎಎ ಎಂಬ ಇಂದಿನ ಹೆಸರು ಬಂತು.

ಅಷ್ಟರಲ್ಲಿ ಗೆಲ್ಲುವ ತಂಡಕ್ಕೆ ಹಣವೂ ಕೀರ್ತಿಯೂ ಬರುತ್ತದೆ ಎಂಬುದು ಕಾಲೇಜುಗಳಿಗೆ ಗೊತ್ತಾಗಿತ್ತು. ಆಟಗಾರರನ್ನು ಹುಡುಕಿ ತರುವುದು, ಅವರಿಗೆ ಒಳಗಿಂದೊಳಗೆ ಹಣ ಕೊಡುವುದು ಎಷ್ಟು ವ್ಯಾಪಕವಾಗಿದೆ ಎಂಬುದನ್ನು 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ವರದಿ ಬಯಲು ಮಾಡಿತು. ವರದಿ ಬಂತು, ಪದ್ಧತಿ ಹೋಗಲಿಲ್ಲ. ಕೊನೆಗೆ 1956ರಲ್ಲಿ, ಬಡತನವನ್ನೂ ಅಂಕಗಳನ್ನೂ ನೋಡದೆ ಆಟದ ಬಲದ ಮೇಲೆಯೇ ವಿದ್ಯಾರ್ಥಿವೇತನ ಕೊಡಬಹುದೆಂದು ಎನ್‌ಸಿಎಎ ಒಪ್ಪಿತು. ಫೀಸು, ಪುಸ್ತಕ, ಊಟ, ವಸತಿ ಎಲ್ಲ ಉಚಿತ. ಬಡ ಮನೆಯ ಹುಡುಗನಿಗೆ ಇದು ಸಣ್ಣ ಮಾತಲ್ಲ.

ಅಲ್ಲಿಂದ ಆಯ್ಕೆ ಎಂಬುದು ಗಂಭೀರ ವ್ಯವಹಾರವಾಯಿತು. ಕೊಡಬಹುದಾದ ವಿದ್ಯಾರ್ಥಿವೇತನಗಳಿಗೆ ಮಿತಿ ಬಂತು. 1994ರಿಂದ 2025ರವರೆಗೆ ಅಗ್ರ ವಿಭಾಗದ ತಂಡಕ್ಕೆ ಈ ಮಿತಿ 85 ಇತ್ತು. ಹೊಸದಾಗಿ ಸೇರಿಸಿಕೊಳ್ಳುವುದು ವರ್ಷಕ್ಕೆ ಇಪ್ಪತ್ತು, ಇಪ್ಪತ್ತೈದು ಮಂದಿಯನ್ನು. ಒಬ್ಬನ ವಿಷಯದಲ್ಲಿ ಎಡವಿದರೆ ಒಂದು ಜಾಗ ವರ್ಷಗಟ್ಟಲೆ ವ್ಯರ್ಥ. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಮಿಶಿಗನ್ ಕ್ರೀಡಾಂಗಣದಂಥ ಕಡೆ ತಂಡ ಸೋಲತೊಡಗಿದರೆ ಕೋಚ್‌ನ ಕೆಲಸವೇ ಹೋಗುತ್ತದೆ.

ಟೇಪು ಮತ್ತು ಸ್ಟಾಪ್‌ವಾಚು

ಹಾಗಾದರೆ ಅವರು ನೋಡುವುದೇನನ್ನು? ಮೊದಲು ಅಳತೆಗೆ ಸಿಗುವುದನ್ನು. ಎತ್ತರ, ತೂಕ, ಚಾಚಿದ ತೋಳುಗಳ ಉದ್ದ, ಅಂಗೈಯ ಅಗಲ. ಲೈನ್‌ಮನ್‌ಗೆ ತೋಳು ಉದ್ದವಿರಬೇಕು, ಎದುರಾಳಿ ತನ್ನನ್ನು ಮುಟ್ಟುವ ಮೊದಲೇ ತಾನು ಅವನನ್ನು ತಡೆಯಬೇಕು. ಕ್ವಾರ್ಟರ್‌ಬ್ಯಾಕ್ ಆರಡಿ ಮೂರಂಗುಲ ಇದ್ದರೆ ಚೆನ್ನ, ಮುಂದೆ ನಿಂತ ದೈತ್ಯರ ತಲೆಯ ಮೇಲಿಂದ ಅವನಿಗೆ ಮೈದಾನ ಕಾಣಬೇಕು. ಹೀಗೆ ಸ್ಥಾನಕ್ಕೊಂದು ಮಾನದಂಡ ಇಟ್ಟುಕೊಂಡು, ಅದಕ್ಕೆ ಒಗ್ಗದವರನ್ನು ತೀರ ಅಪರೂಪಕ್ಕೆ ಮಾತ್ರ ತೆಗೆದುಕೊಳ್ಳುವ ಶಿಸ್ತಿಗೆ ಅಲಬಾಮ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ನಿಕ್ ಸೇಬನ್ ಹೆಸರಾದವರು. 2007ರಿಂದ 2023ರವರೆಗೆ ಅಲ್ಲಿದ್ದ ಅವರು ಆರು ಸಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದರು.

ಆಮೇಲೆ ಓಟ. ನಲವತ್ತು ಗಜ, ಅಂದರೆ ಸುಮಾರು 36.6 ಮೀಟರ್ ದೂರವನ್ನು ಎಷ್ಟು ಸೆಕೆಂಡಿನಲ್ಲಿ ಓಡುತ್ತಾನೆ ಎಂಬುದು ಈ ಲೋಕದ ಮಂತ್ರಸಂಖ್ಯೆ. ಸೆಕೆಂಡಿನ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾದರೆ ಮೈದಾನದಲ್ಲಿ ಮುಕ್ಕಾಲು ಮೀಟರಿಗೂ ಮಿಗಿಲಾದ ಅಂತರ ಬೀಳುತ್ತದೆ. ಹಿಡಿಯಬೇಕಾದವನ ಕೈಗೆ ಸಿಗುವುದಕ್ಕೂ ತಪ್ಪಿಸಿಕೊಳ್ಳುವುದಕ್ಕೂ ಅಷ್ಟು ಸಾಕು. ಆದರೆ ಸ್ಟಾಪ್‌ವಾಚಿನ ಗುಂಡಿ ಒತ್ತುವುದು ಮನುಷ್ಯನ ಬೆರಳು. ಹುಡುಗ ಹೊರಟದ್ದನ್ನು ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಒಂದಿಷ್ಟು ಕಾಲ ಸರಿದಿರುತ್ತದೆ. ಆದ್ದರಿಂದ ಕೈಯಲ್ಲಿ ತೆಗೆದ ಸಮಯ ವಿದ್ಯುನ್ಮಾನ ಯಂತ್ರದ ಸಮಯಕ್ಕಿಂತ ಸೆಕೆಂಡಿನ ಹತ್ತರಲ್ಲಿ ಎರಡು ಭಾಗದಷ್ಟು ಚುರುಕಾಗಿ ಕಾಣುವುದುಂಟು. ಊರ ಕೋಚ್ ಹೇಳುವ ಸಮಯವನ್ನು ಬಲ್ಲವರು ನಂಬುವುದಿಲ್ಲ. ಅದೇ ಹುಡುಗ ಶಾಲೆಯ ಅಥ್ಲೆಟಿಕ್ಸ್ ಕೂಟದಲ್ಲಿ ನೂರು ಮೀಟರ್ ಎಷ್ಟರಲ್ಲಿ ಓಡಿದ ಎಂದು ಕೇಳುತ್ತಾರೆ.

ದನಗಳ ಜಾತ್ರೆಯಲ್ಲಿ ಹೋರಿಯ ಹಲ್ಲು, ಗೊರಸು, ಸುಳಿ ನೋಡಿ ಬೆಲೆ ಕಟ್ಟುವುದನ್ನು ಕಂಡವರಿಗೆ ಇದೆಲ್ಲ ಎಲ್ಲೋ ನೋಡಿದಂತಿದೆ ಎನ್ನಿಸಬಹುದು. ಹೋಲಿಕೆ ಒರಟು ನಿಜ. ಆದರೆ ವೃತ್ತಿಪರ ತಂಡಗಳ ಇಂಥದೇ ಪರೀಕ್ಷೆಗಳನ್ನು ಗುಲಾಮರ ಹರಾಜಿಗೆ ಹೋಲಿಸಿ ಕಟುವಾಗಿ ಟೀಕಿಸಿದವರು ಅಮೆರಿಕದಲ್ಲೇ ಇದ್ದಾರೆ. ಅಳೆಸಿಕೊಳ್ಳುವವರಲ್ಲಿ ಬಹಳ ಮಂದಿ ಕರಿಯ ಹುಡುಗರು, ಅಳೆಯುವವರಲ್ಲಿ ಬಹಳ ಮಂದಿ ಬಿಳಿಯರು ಎಂಬುದನ್ನು ನೆನೆದರೆ ಆ ಟೀಕೆಯ ನೋವು ತಿಳಿಯುತ್ತದೆ.

ಅಳತೆಗೆ ಸಿಗದ್ದು

ಒಳ್ಳೆಯ ಕೋಚ್ ಅಳತೆಗೇ ನಿಲ್ಲುವುದಿಲ್ಲ. ಅವನು ಹುಡುಗ ಆಡಿದ ಪಂದ್ಯಗಳ ಚಿತ್ರಣ ನೋಡುತ್ತಾನೆ. ಹಿಂದೆ 16 ಮಿಲಿಮೀಟರ್ ಫಿಲಂ ಸುರುಳಿಗಳು, ಆಮೇಲೆ ವಿಡಿಯೋ ಕ್ಯಾಸೆಟ್‌ಗಳು ಅಂಚೆಯಲ್ಲಿ ಬರುತ್ತಿದ್ದವು. 2006ರಲ್ಲಿ ನೆಬ್ರಾಸ್ಕದ ಲಿಂಕನ್ ನಗರದಲ್ಲಿ ಹುಟ್ಟಿದ ಹಡಲ್ ಎಂಬ ಕಂಪನಿ ಇದನ್ನೆಲ್ಲ ಅಂತರ್ಜಾಲಕ್ಕೆ ತಂದಿತು. ಹುಡುಗರು ತಮ್ಮ ಆಯ್ದ ಸಾಹಸಗಳನ್ನು ಜೋಡಿಸಿ ಕಳುಹಿಸುತ್ತಾರೆ. ಮದುವೆಗೆ ತೋರಿಸುವ ಫೋಟೋದಂತೆ ಅದರಲ್ಲಿ ಎಲ್ಲವೂ ಚೆಂದ. ಅನುಭವಿಗಳು ಇಡೀ ಪಂದ್ಯ ಕೇಳುತ್ತಾರೆ. ಚೆಂಡು ತನ್ನ ಕಡೆ ಬಾರದಿದ್ದಾಗ ಏನು ಮಾಡುತ್ತಾನೆ? ತಂಡ ಸೋಲುವಾಗ ಓಟ ನಿಧಾನವಾಗುತ್ತದೆಯೆ? ಎದುರಿಗಿದ್ದವರು ಎಂಥವರು? ದುರ್ಬಲ ತಂಡಗಳ ಮೇಲೆ ಅಬ್ಬರಿಸಿದವನು ಸರಿಸಮಾನರ ಮುಂದೆ ಏನಾಗುತ್ತಾನೆ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬೆಳವಣಿಗೆಯದು. ಹದಿನೇಳರ ದೇಹ ಪೂರ್ತಿಯಾದ ದೇಹವಲ್ಲ. ಬೇಗ ಪ್ರಾಯಕ್ಕೆ ಬಂದ ಹುಡುಗ ಅಂದಿನ ಮೈದಾನದಲ್ಲಿ ಎಲ್ಲರನ್ನೂ ಉರುಳಿಸುತ್ತಾನೆ. ಮೂರು ವರ್ಷಕ್ಕೆ ಉಳಿದವರೂ ಅವನ ಮಟ್ಟಕ್ಕೆ ಬೆಳೆದಾಗ ಅವನ ಹೆಚ್ಚುಗಾರಿಕೆ ಕರಗುತ್ತದೆ. ಆದ್ದರಿಂದ ಕೋಚ್‌ಗಳು ಪಾದ, ಭುಜ, ಮಣಿಕಟ್ಟು ನೋಡುತ್ತಾರೆ. ಅಪ್ಪ ಅಮ್ಮ ಎಷ್ಟು ಎತ್ತರ ಎಂದು ಗಮನಿಸುತ್ತಾರೆ. ಈಗಾಗಲೇ 140 ಕಿಲೋ ಇರುವ ಹುಡುಗನಿಗಿಂತ, ಬ್ಯಾಸ್ಕೆಟ್‌ಬಾಲ್ ಆಡುವ, ಕಾಲು ಹಗುರಾಗಿರುವ 110 ಕಿಲೋದ ಹುಡುಗನೇ ಲೈನ್‌ಮನ್ ಆಗಲು ಮೇಲು ಎನ್ನುವವರಿದ್ದಾರೆ. ಅಡಿಪಾಯ ಗಟ್ಟಿಯಿದ್ದರೆ ಮೇಲೆ ಇನ್ನೊಂದು ಮಾಳಿಗೆ ಹಾಕಬಹುದು ಎಂಬುದು ಅವರ ತರ್ಕ. ಕುಸ್ತಿ ಆಡಿದವನಿಗೆ ಸಮತೋಲ ಗೊತ್ತು ಎಂದು ಅದಕ್ಕೂ ಬೆಲೆಯಿದೆ.

ಇನ್ನು ಉಳಿದದ್ದು ಮನಸ್ಸು. ಅದಕ್ಕೆ ಟೇಪಿಲ್ಲ. ಶಾಲೆಯ ಮೇಷ್ಟರನ್ನು ಕೇಳುತ್ತಾರೆ, ಕಸ ಗುಡಿಸುವವರನ್ನೂ ಕೇಳುತ್ತಾರೆ. ತನ್ನಿಂದ ಲಾಭವಿಲ್ಲದವರ ಜೊತೆ ಹುಡುಗ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಲ್ಲಿ ಗುಣ ತಿಳಿಯುತ್ತದಂತೆ. ಅಂಕಗಳನ್ನೂ ನೋಡಲೇಬೇಕು. ಮೊದಲನೇ ದರ್ಜೆಯ ಕಾಲೇಜಿನಲ್ಲಿ ಆಡಲು ಗೊತ್ತುಪಡಿಸಿದ 16 ವಿಷಯಗಳಲ್ಲಿ ನಾಲ್ಕಕ್ಕೆ ಕನಿಷ್ಠ 2.3 ಸರಾಸರಿ ಬರಬೇಕೆಂಬ ನಿಯಮವಿದೆ.

ಕ್ರಿಕೆಟ್ ಬಲ್ಲ ಭಾರತೀಯನ ಲೆಕ್ಕ

ಈ ಗುಣಗಳಿಗೂ ಅಂಕ ಕೊಡಬಹುದೆ? ಇಲ್ಲೊಬ್ಬ ಭಾರತೀಯರ ಕತೆ ಬರುತ್ತದೆ. 1960ರಲ್ಲಿ ಹುಟ್ಟಿದ ಡಲ್ಲಾಸ್ ಕೌಬಾಯ್ಸ್ ಎಂಬ ವೃತ್ತಿಪರ ತಂಡದ ವ್ಯವಸ್ಥಾಪಕ ಟೆಕ್ಸ್ ಶ್ರಾಮ್ ಅವರಿಗೆ, ಕಾಲೇಜು ಆಟಗಾರರನ್ನು ಆರಿಸಲು ಕಂಪ್ಯೂಟರ್ ಬಳಸಬೇಕೆಂಬ ಹುಚ್ಚು ಹತ್ತಿತು. ಐಬಿಎಂನ ಅಂಗಸಂಸ್ಥೆಯೊಂದು ಈ ಕೆಲಸಕ್ಕೆ ಕೊಟ್ಟದ್ದು ಭಾರತದಿಂದ ಹೋಗಿದ್ದ ಸಂಖ್ಯಾಶಾಸ್ತ್ರಜ್ಞ ಸಲಾಂ ಖುರೇಶಿ ಅವರನ್ನು. ಖುರೇಶಿಯವರಿಗೆ ಕ್ರಿಕೆಟ್ ಗೊತ್ತಿತ್ತು, ಅಮೆರಿಕದ ಫುಟ್‌ಬಾಲ್ ಗೊತ್ತಿರಲಿಲ್ಲ.

ಗೊತ್ತಿಲ್ಲದಿದ್ದುದೇ ಒಳ್ಳೆಯದಾಯಿತು. ಒಬ್ಬ ಕೋಚ್ ‘ಚುರುಕು’ ಎಂದದ್ದೂ ಇನ್ನೊಬ್ಬ ‘ಚುರುಕು’ ಎಂದದ್ದೂ ಒಂದೇ ಅಲ್ಲ ಎಂಬುದು ಹೊರಗಿನವರ ಕಣ್ಣಿಗೆ ಬೇಗ ಕಂಡಿತು. ನೂರಾರು ಲಕ್ಷಣಗಳನ್ನು ಸೋಸಿ, ಎತ್ತರ, ತೂಕ, ವೇಗಗಳಾಚೆ ಐದು ಗುಣಗಳನ್ನು ಉಳಿಸಿಕೊಂಡರು: ನಡತೆ, ಚುರುಕು ಮತ್ತು ಮೈಮೇಲಿನ ಹಿಡಿತ, ಪೈಪೋಟಿಯ ಛಲ, ಬುದ್ಧಿಯ ಎಚ್ಚರ, ಕಸುವು. ಎಲ್ಲರೂ ಒಂದೇ ಬಗೆಯ ವಾಕ್ಯಗಳಿಗೆ ಒಂದೇ ಅಳತೆಗೋಲಿನಲ್ಲಿ ಅಂಕ ಕೊಡಬೇಕು. ಯಾವ ಪರೀಕ್ಷಕ ಧಾರಾಳಿ, ಯಾವನು ಜಿಪುಣ ಎಂಬುದೂ ಆಗ ಬಯಲಾಗುತ್ತದೆ. ನಮ್ಮ ಪರೀಕ್ಷೆಗಳ ಮೌಲ್ಯಮಾಪನ ಬಲ್ಲವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಕಾಲೇಜಿನಿಂದ ವೃತ್ತಿಪರ ತಂಡಕ್ಕೆ ಆರಿಸಲು ಹುಟ್ಟಿದ ಈ ಬಗೆಯ ಅಂಕಪದ್ಧತಿ ಕ್ರಮೇಣ ಹೈಸ್ಕೂಲು ಹುಡುಗರವರೆಗೂ ಇಳಿದು ಬಂತು.

ನಕ್ಷತ್ರಗಳ ಮಾರುಕಟ್ಟೆ

ಕೋಚ್‌ಗಳ ಗುಟ್ಟಾಗಿದ್ದ ಈ ವಿದ್ಯೆಯನ್ನು ಜನರ ನಡುವೆ ತಂದವರು ಬೇರೆಯವರು. 1970ರ ದಶಕದ ಕೊನೆಯಲ್ಲಿ ಷಿಕಾಗೋದ ಅಂಚೆ ನೌಕರ ಟಾಮ್ ಲೆಮ್ಮಿಂಗ್ ಕಾರಿನಲ್ಲಿ ದೇಶವೆಲ್ಲ ಸುತ್ತಿ, ಹೈಸ್ಕೂಲು ಆಟಗಾರರನ್ನು ಕಂಡು, ತಮ್ಮದೇ ಪತ್ರಿಕೆ ತರತೊಡಗಿದರು. ಅಂತರ್ಜಾಲ ಬಂದ ಮೇಲೆ ರೈವಲ್ಸ್, 247ಸ್ಪೋರ್ಟ್ಸ್ ಮುಂತಾದ ಸಂಸ್ಥೆಗಳು ಹುಟ್ಟಿದವು. ಹೋಟೆಲುಗಳಿಗೆ ಕೊಟ್ಟಂತೆ ಹುಡುಗರಿಗೂ ನಕ್ಷತ್ರ ಕೊಡುವ ಪದ್ಧತಿ ಬೇರೂರಿತು. ಐದು ನಕ್ಷತ್ರ ಸಿಗುವುದು ವರ್ಷಕ್ಕೆ ಸುಮಾರು ಮೂವತ್ತು ಹುಡುಗರಿಗೆ ಮಾತ್ರ. ಎನ್‌ಎಫ್‌ಎಲ್ ಆಯ್ಕೆಯ ಮೊದಲ ಸುತ್ತಿನಲ್ಲಿ 32 ಸ್ಥಾನಗಳಿರುವುದೇ ಈ ಲೆಕ್ಕಕ್ಕೆ ಆಧಾರ.

ನಕ್ಷತ್ರಗಳು ಸುಳ್ಳೆ? ಪೂರ್ತಿ ಸುಳ್ಳಲ್ಲ. 2011ರ ತಂಡದಲ್ಲಿ ಮೊದಲನೆಯವನೆಂದು ಹೆಸರಾಗಿದ್ದ ಜಡೇವಿಯನ್ ಕ್ಲೌನಿ 2014ರಲ್ಲಿ ಎನ್‌ಎಫ್‌ಎಲ್ ಆಯ್ಕೆಯಲ್ಲೂ ಮೊದಲನೆಯವರಾದರು. 2018ರ ತಂಡದ ಐದು ನಕ್ಷತ್ರದ ಟ್ರೆವರ್ ಲಾರೆನ್ಸ್ 2021ರಲ್ಲಿ ಅದೇ ಗೌರವ ಪಡೆದರು. ಆದರೂ ಎನ್‌ಎಫ್‌ಎಲ್ ಆಟಗಾರರಲ್ಲಿ ಹೆಚ್ಚಿನವರು ಐದು ನಕ್ಷತ್ರದವರಲ್ಲ. ಇದು ವಿರೋಧಾಭಾಸದಂತೆ ಕಾಣುತ್ತದೆ. ಸಣ್ಣ ಲೆಕ್ಕವೊಂದರಿಂದ ಗೊಂದಲ ಬಿಡಿಸಬಹುದು. ಐದು ನಕ್ಷತ್ರದವರು 30 ಮಂದಿ, ಅವರಲ್ಲಿ ಅರ್ಧದಷ್ಟು ಮಂದಿ ಮೇಲಕ್ಕೆ ಹೋದರು ಎಂದು ಊಹಿಸೋಣ. ಅಲ್ಲಿಗೆ 15 ಮಂದಿ. ಮೂರು ನಕ್ಷತ್ರದವರು 1,500 ಮಂದಿ, ಅವರಲ್ಲಿ ನೂರಕ್ಕೆ ಐವರು ಮಾತ್ರ ಹೋದರು ಎನ್ನೋಣ. ಅಲ್ಲಿಗೆ 75 ಮಂದಿ. ಒಬ್ಬೊಬ್ಬ ಹುಡುಗನ ಲೆಕ್ಕದಲ್ಲಿ ಐದು ನಕ್ಷತ್ರದವನಿಗೆ ಹತ್ತುಪಟ್ಟು ಹೆಚ್ಚು ಅವಕಾಶ. ಒಟ್ಟು ಲೆಕ್ಕದಲ್ಲಿ ಮೂರು ನಕ್ಷತ್ರದವರದೇ ಮೇಲುಗೈ. ಎರಡೂ ನಿಜ. ಮೊದಲನೆಯ ನಿಜ ಕಾಲೇಜಿಗೆ ಉಪಯೋಗದ್ದು. ಎರಡನೆಯದು ಹುಡುಗನಿಗೆ ಧೈರ್ಯ ಕೊಡುವಂಥದ್ದು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ದೊಡ್ಡ ಕಾಲೇಜೊಂದು ಹುಡುಗನನ್ನು ಕರೆದರೆ ಅವನ ನಕ್ಷತ್ರ ಏರುವುದುಂಟು. ನಕ್ಷತ್ರ ಏರಿದ್ದನ್ನು ನೋಡಿ ಬೇರೆ ಕಾಲೇಜುಗಳೂ ಬರುತ್ತವೆ. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಸಾಕ್ಷಿಯಾಗುತ್ತದೆ. ಹತ್ತು ಜನ ಹೇಳಿದ್ದಾರೆ ಎಂಬುದು ಎಷ್ಟೋ ಸಲ ಒಬ್ಬ ಹೇಳಿದ್ದನ್ನು ಒಂಬತ್ತು ಜನ ಕೇಳಿಸಿಕೊಂಡಿದ್ದಾರೆ ಎಂದಷ್ಟೇ.

ಕಣ್ಣಿಗೆ ಬೀಳದವರು

ಎಡವಿದ ಲೆಕ್ಕಗಳ ಕಡೆ ನೋಡಿದರೆ ಯಾವ ಅಳತೆ ಎಲ್ಲಿ ಕೈಕೊಡುತ್ತದೆ ಎಂಬುದು ತಿಳಿಯುತ್ತದೆ. ಟೆಕ್ಸಾಸ್‌ನ ಡ್ರೂ ಬ್ರೀಸ್ 1996ರಲ್ಲಿ ತಮ್ಮ ಶಾಲೆಯನ್ನು ಒಂದೂ ಸೋಲಿಲ್ಲದೆ ರಾಜ್ಯ ಚಾಂಪಿಯನ್ ಮಾಡಿದರು. ಆದರೆ ಅವರ ಎತ್ತರ ಆರೇ ಅಡಿ, ಹಿಂದಿನ ವರ್ಷ ಮಂಡಿಗೆ ಪೆಟ್ಟೂ ಆಗಿತ್ತು. ಸ್ವಂತ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಗಳು ಬೇಡವೆಂದವು. ದೂರದ ಪರ್ಡ್ಯೂ ಅವರನ್ನು ಸೇರಿಸಿಕೊಂಡಿತು. 2010ರಲ್ಲಿ ಅವರು ನ್ಯೂ ಆರ್ಲಿಯನ್ಸ್ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟರು. ಹಿತ್ತಲ ಗಿಡ ಮದ್ದಲ್ಲ ಎಂಬುದು ಅಲ್ಲಿಯೂ ಸಲ್ಲುವ ಮಾತು.

ಕ್ಯಾಲಿಫೋರ್ನಿಯದ ಚೀಕೋ ಊರಿನ ಏರನ್ ರಾಡ್ಜರ್ಸ್ ಅವರನ್ನು ಮೊದಲನೇ ದರ್ಜೆಯ ಒಂದು ಕಾಲೇಜೂ ವಿದ್ಯಾರ್ಥಿವೇತನ ಕೊಟ್ಟು ಕರೆಯಲಿಲ್ಲ. 2002ರಲ್ಲಿ ಅವರು ಹತ್ತಿರದ ಬ್ಯೂಟ್ ಎಂಬ ಎರಡು ವರ್ಷದ ಕಾಲೇಜಿಗೆ ಸೇರಿದರು. ಬರ್ಕ್ಲಿಯ ಕೋಚ್ ಜೆಫ್ ಟೆಡ್‌ಫರ್ಡ್ ಆ ತಂಡದ ಬೇರೊಬ್ಬ ಆಟಗಾರನನ್ನು ನೋಡಲು ಹೋದಾಗ ರಾಡ್ಜರ್ಸ್ ಕಣ್ಣಿಗೆ ಬಿದ್ದರು. ಮುಂದೆ ಅವರು ನಾಲ್ಕು ಸಲ ಎನ್‌ಎಫ್‌ಎಲ್‌ನ ಅತ್ಯುತ್ತಮ ಆಟಗಾರ ಎನ್ನಿಸಿಕೊಂಡರು. ಅದೇ ರಾಜ್ಯದ ಫೈರ್‌ಬಾ ಎಂಬ ಬೇಸಾಯದ ಸಣ್ಣ ಊರಿನ ಜಾಶ್ ಆಲನ್ ಕತೆಯೂ ಹೀಗೆಯೇ. ಹೈಸ್ಕೂಲು ಮುಗಿಸುವಾಗ ತೆಳ್ಳಗಿದ್ದ ಅವರನ್ನು ಯಾರೂ ಕೇಳಲಿಲ್ಲ. ರೀಡ್ಲಿ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಆಡುತ್ತಲೇ ಬೆಳೆದರು, ಕಂಡ ಕಂಡ ಕೋಚ್‌ಗಳಿಗೆ ಮಿಂಚಂಚೆ ಬರೆದರು. ವಯೋಮಿಂಗ್ ಅವರನ್ನು ಕರೆಯಿತು. 2018ರ ಆಯ್ಕೆಯಲ್ಲಿ ಅವರದು ಏಳನೇ ಹೆಸರು, 2024ರ ಋತುವಿನ ಅತ್ಯುತ್ತಮ ಆಟಗಾರನೂ ಅವರೇ. ವಿಸ್ಕಾನ್ಸಿನ್‌ನ ಜೆ.ಜೆ. ವಾಟ್ ಎರಡು ನಕ್ಷತ್ರದ ಹುಡುಗ. ಸಿಕ್ಕಿದ್ದ ವಿದ್ಯಾರ್ಥಿವೇತನ ಬಿಟ್ಟು, ಪಿಜ್ಜಾ ಹಂಚಿ ದುಡಿದು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡಕ್ಕೆ ಕೈಯಿಂದ ಹಣ ಹಾಕಿ ಸೇರಿದರು. ಅಲ್ಲಿ ಸ್ಥಾನ ಬದಲಾಯಿಸಿ, ಮೈ ತುಂಬಿಕೊಂಡು, ಮೂರು ಸಲ ಎನ್‌ಎಫ್‌ಎಲ್‌ನ ಶ್ರೇಷ್ಠ ರಕ್ಷಣಾ ಆಟಗಾರರಾದರು.

ಇವೆಲ್ಲ ಅಳತೆಯ, ಅವಕಾಶದ ಕೊರತೆಗಳು. ಕಣ್ಣಿಗೇ ಪೊರೆ ಕಟ್ಟಿದ್ದ ಕಾಲವೂ ಇತ್ತು. ದಕ್ಷಿಣದ ರಾಜ್ಯಗಳ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮದೇ ಊರಿನ ಕರಿಯ ಹುಡುಗರತ್ತ ದಶಕಗಳ ಕಾಲ ನೋಡಲೇ ಇಲ್ಲ. ಆಗ್ನೇಯ ರಾಜ್ಯಗಳ ಪ್ರತಿಷ್ಠಿತ ಕೂಟದಲ್ಲಿ ಕರಿಯ ಆಟಗಾರನೊಬ್ಬ ಮೊದಲು ಮೈದಾನಕ್ಕಿಳಿದದ್ದು 1967ರಲ್ಲಿ, ಕೆಂಟಕಿಯ ನೇಟ್ ನಾರ್ದಿಂಗ್‌ಟನ್. ಅದುವರೆಗೆ ಅಂಥವರು ಲೂಸಿಯಾನದ ಗ್ರ್ಯಾಂಬ್ಲಿಂಗ್‌ನಂಥ ಕರಿಯರ ಕಾಲೇಜುಗಳಲ್ಲಿ ಬೆಳೆದರು. ಬಾಗಿಲು ತೆರೆದ ಮೇಲೂ, ಕರಿಯನಿಗೆ ಓಡಲು ಬರುತ್ತದೆ, ಕ್ವಾರ್ಟರ್‌ಬ್ಯಾಕ್‌ನ ಯೋಚನೆ ಬರುವುದಿಲ್ಲ ಎಂಬ ಪೂರ್ವಗ್ರಹ ಉಳಿಯಿತು. ಲಾಸ್ ಏಂಜಲೀಸ್‌ನ ವಾರನ್ ಮೂನ್ ಅವರಿಗೆ ಬೇರೆ ಸ್ಥಾನಕ್ಕೆ ಬದಲಾಗು ಎಂದ ಕಾಲೇಜುಗಳೇ ಹೆಚ್ಚು. ಅವರು ಒಪ್ಪಲಿಲ್ಲ. ಎರಡು ವರ್ಷದ ಕಾಲೇಜಿನ ದಾರಿ ಹಿಡಿದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿ, 1978ರ ರೋಸ್ ಬೌಲ್ ಗೆಲ್ಲಿಸಿದರು. ಆ ವರ್ಷದ ಆಯ್ಕೆಯಲ್ಲೂ ಎನ್‌ಎಫ್‌ಎಲ್ ಅವರ ಹೆಸರು ಕರೆಯಲಿಲ್ಲ. ಕೆನಡಕ್ಕೆ ಹೋಗಿ ಐದು ಸಲ ಅಲ್ಲಿನ ಗ್ರೇ ಕಪ್ ಗೆದ್ದು ಮರಳಿದರು. 2006ರಲ್ಲಿ ಅವರು ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ಸೇರಿದ ಮೊದಲ ಕರಿಯ ಕ್ವಾರ್ಟರ್‌ಬ್ಯಾಕ್ ಆದರು. ಸ್ಟಾಪ್‌ವಾಚು ಇವರಿಗೆ ಅನ್ಯಾಯ ಮಾಡಿರಲಿಲ್ಲ, ಅದನ್ನು ಹಿಡಿದವರು ಮಾಡಿದ್ದರು.

ಈ ಕತೆಗಳು ಕೇಳಲು ಹಿತ. ಆದರೆ ಇವು ಗೆದ್ದವರ ಕತೆಗಳು ಎಂಬುದನ್ನು ಮರೆಯಬಾರದು. ಆರಿಸಿಕೊಂಡವನು ಸೋತರೆ ಆ ತಪ್ಪು ಎಲ್ಲರಿಗೂ ಕಾಣುತ್ತದೆ. ಆರಿಸದೆ ಬಿಟ್ಟವನು ಎಲ್ಲೋ ಅಂಗಡಿಯಲ್ಲೋ ಹೊಲದಲ್ಲೋ ದುಡಿಯುತ್ತಿದ್ದರೆ ಆ ತಪ್ಪು ಯಾರ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಆಯ್ಕೆ ಮಾಡುವವರ ಆತ್ಮವಿಶ್ವಾಸಕ್ಕೆ ಇದೂ ಒಂದು ಕಾರಣ.

ಹುಡುಗನ ಪಾಲಿಗೆ ಉಳಿಯುವುದು

ತಂಡಕ್ಕೆ ಇದು ಸರಾಸರಿಯ ಆಟ. ಇಪ್ಪತ್ತೈದರಲ್ಲಿ ಹನ್ನೆರಡು ಮಂದಿ ಚೆನ್ನಾಗಿ ಆಡಿದರೂ ಕಾಲೇಜಿಗೆ ಲಾಭವೇ. ಹುಡುಗನಿಗೆ ಸರಾಸರಿ ಎಂಬುದಿಲ್ಲ, ಇರುವುದು ಒಂದೇ ಜೀವನ. 1973ರಿಂದ 2012ರವರೆಗೆ ಎನ್‌ಸಿಎಎ ವಿದ್ಯಾರ್ಥಿವೇತನ ಒಂದೊಂದೇ ವರ್ಷದ್ದು. ನಿರೀಕ್ಷೆಯಂತೆ ಬೆಳೆಯದವನಿಗೆ, ಮಂಡಿ ಮುರಿದುಕೊಂಡವನಿಗೆ ಮುಂದಿನ ವರ್ಷ ಅದು ಸಿಗುವ ಖಾತರಿ ಇರಲಿಲ್ಲ. ಆ ಮೇಲೆ ಬಹುವರ್ಷದ ವೇತನಕ್ಕೆ ಮತ್ತೆ ಅವಕಾಶವಾಯಿತು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮೆದುಳಿಗೆ ಆಗುವ ಹಾನಿಯ ಬಗ್ಗೆ ಈಗ ಗೊತ್ತಿರುವುದು ಹಿಂದಿನ ಹುಡುಗರಿಗೆ ಗೊತ್ತಿರಲಿಲ್ಲ.

ಎಷ್ಟು ಎಳೆಯ ವಯಸ್ಸಿನಲ್ಲಿ ಭವಿಷ್ಯ ನುಡಿಯುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2010ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಕೋಚ್ ಡೇವಿಡ್ ಸಿಲ್ಸ್ ಎಂಬ ಹುಡುಗನಿಗೆ ಕ್ವಾರ್ಟರ್‌ಬ್ಯಾಕ್ ಆಗಿ ಸ್ಥಾನ ಕೊಡುವ ಮಾತು ಕೊಟ್ಟರು. ಹುಡುಗನಿಗೆ ಆಗ ಹದಿಮೂರು ವರ್ಷ, ಓದುತ್ತಿದ್ದದ್ದು ಏಳನೇ ತರಗತಿ. ಅವನು ಬೆಳೆಯುವಷ್ಟರಲ್ಲಿ ಆ ಕೋಚ್ ಅಲ್ಲಿರಲಿಲ್ಲ, ಆ ಸ್ಥಾನವೂ ಉಳಿಯಲಿಲ್ಲ. ಸಿಲ್ಸ್ ವೆಸ್ಟ್ ವರ್ಜೀನಿಯ ಸೇರಿದರು. ಚೆಂಡು ಎಸೆಯುವುದನ್ನು ಬಿಟ್ಟು ಹಿಡಿಯುವವರಾಗಿ 2017ರಲ್ಲಿ 18 ಟಚ್‌ಡೌನ್ ಗಳಿಸಿದರು. ಒಳ್ಳೆಯ ಆಟಗಾರನಾಗುತ್ತಾನೆ ಎಂದ ಮಾತು ನಿಜವಾಯಿತು. ಯಾವ ಬಗೆಯ ಆಟಗಾರ, ಎಲ್ಲಿ ಎಂಬುದು ಮಾತ್ರ ಎಲ್ಲ ತಲೆಕೆಳಗಾಯಿತು.

ಹಳೆಯ ಪದ್ಧತಿಯಲ್ಲಿ ಇದಕ್ಕೊಂದು ಮದ್ದಿತ್ತು. ಅದರ ಹೆಸರು ತಾಳ್ಮೆ. ಹೊಸಬನನ್ನು ಒಂದು ವರ್ಷ ಪಂದ್ಯಕ್ಕಿಳಿಸದೆ, ಆಡುವ ಹಕ್ಕಿನ ವರ್ಷಗಳು ಕಡಿಮೆಯಾಗದಂತೆ, ಮೈ ಬೆಳೆಸಿ ಆಟ ಕಲಿಸುವುದಕ್ಕೆ ‘ರೆಡ್‌ಶರ್ಟ್’ ಎನ್ನುತ್ತಾರೆ. ಹದಿನೇಳರ ತೀರ್ಪು ಅಂತಿಮವಲ್ಲ ಎಂದು ವ್ಯವಸ್ಥೆಯೇ ಒಪ್ಪಿಕೊಂಡ ಗುರುತು ಅದು. ಆ ಪದ್ಧತಿ ಇಂದಿಗೂ ಇದೆ. ಆದರೆ ಕಾಯುವ ಕಾರಣಗಳು ಕಡಿಮೆಯಾಗುತ್ತಿವೆ. 2018ರಲ್ಲಿ ಕಾಲೇಜು ಬದಲಿಸಲು ಬಯಸುವವರ ಹೆಸರು ದಾಖಲಿಸುವ ವ್ಯವಸ್ಥೆ ಬಂತು. 2021ರಲ್ಲಿ ಒಮ್ಮೆ, 2024ರಿಂದ ಎಷ್ಟು ಸಲ ಬೇಕಾದರೂ, ಒಂದು ವರ್ಷ ಹೊರಗೆ ಕೂರದೆ ಬದಲಾಯಿಸಬಹುದು ಎಂದಾಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖದ ಮೇಲೆ ಜಾಹೀರಾತಿನ ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ, ಮೊದಲ ವರ್ಷ ಒಂದು ಕಾಲೇಜು ಸುಮಾರು 2.05 ಕೋಟಿ ಡಾಲರ್‌ವರೆಗೆ, ಹಂಚಬಹುದಾಗಿದೆ. ವಿದ್ಯಾರ್ಥಿವೇತನದ ಮಿತಿ ಹೋಗಿ, ತಂಡದಲ್ಲಿ 105 ಮಂದಿ ಮಾತ್ರ ಎಂಬ ಹೊಸ ಮಿತಿ ಬಂದಿದೆ.

ದಶಕಗಳ ಕಾಲ ದುಡಿದೂ ಪಾಲು ಕಾಣದ ಆಟಗಾರರಿಗೆ ಇದು ಸಿಗಬೇಕಾದದ್ದೇ. ಆದರೆ ಇದರ ನೆರಳು ಬೀಳುವುದು ಇನ್ನೂ ಹೈಸ್ಕೂಲಿನಲ್ಲಿರುವ ತೆಳ್ಳನೆಯ ಹುಡುಗನ ಮೇಲೆ. ಬೇರೊಂದು ಕಾಲೇಜಿನಲ್ಲಿ ಆಡಿ ತೋರಿಸಿದ ಇಪ್ಪತ್ತೊಂದರ ಯುವಕ ಹಣಕ್ಕೆ ಸಿಗುವಾಗ, ಹದಿನೇಳರವನು ಬೆಳೆಯಲಿ ಎಂದು ಯಾವ ಕೋಚ್ ಕಾಯುತ್ತಾನೆ? ತಂಡದ ಸಂಖ್ಯೆಗೇ ಮಿತಿ ಬಿದ್ದಾಗ, ವಾಟ್ ಅವರಂತೆ ಕೈಯಿಂದ ಹಣ ಹಾಕಿ ಸೇರುವವನಿಗೆ ಜಾಗ ಎಲ್ಲಿ? ಬೆಳೆದು ನಿಂತ ಬೆಳೆಯನ್ನೇ ಕೊಳ್ಳುವ ಶಕ್ತಿಯಿದ್ದವನಿಗೆ ಮೊಳಕೆಯ ಚಿಂತೆ ಬೇಕಿಲ್ಲ.

ಗಾದೆ ಕಟ್ಟಿದ ರೈತನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಮೊಳಕೆ ನೋಡಿ ಸಿರಿ ಎಂದವನು ಅಷ್ಟಕ್ಕೇ ಮನೆಗೆ ಹೋಗಿ ಮಲಗುತ್ತಿರಲಿಲ್ಲ. ನೀರು ಕಟ್ಟುತ್ತಿದ್ದ, ಕಳೆ ಕೀಳುತ್ತಿದ್ದ, ಹಿಂದೆ ಬಿದ್ದ ಸಾಲಿಗೆ ಇನ್ನೊಂದು ಹಿಡಿ ಗೊಬ್ಬರ ಹಾಕುತ್ತಿದ್ದ. ಹುಡುಗರನ್ನು ಅಳೆಯುವ ವಿದ್ಯೆಯಲ್ಲಿ ಅಮೆರಿಕದ ಕಾಲೇಜುಗಳು ನೂರು ವರ್ಷಗಳಲ್ಲಿ ಬಹುದೂರ ಬಂದಿವೆ. ತಡವಾಗಿ ಚಿಗುರುವವನಿಗೆ ಕಾಯುವ ವಿದ್ಯೆಯನ್ನು ಅವು ಉಳಿಸಿಕೊಳ್ಳುತ್ತವೆಯೆ ಎಂಬುದು ಮುಂದಿನ ಕೆಲವು ವರ್ಷಗಳಲ್ಲಿ ತಿಳಿಯಲಿದೆ.